ಗೋಡೆ ಗಟ್ಟಿಯಿದೆ, ನೀರಿಗೆ ದಾರಿ ಎಲ್ಲಿದೆ?

ನನಗೆ ಫೋನ್ ಬರುವುದು ಜೆಸಿಬಿ ಬಂದು ಹೋದ ಮೇಲೆ. ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು, ಮಡಿಕೇರಿ ಸುತ್ತಮುತ್ತ ಮನೆ, ಹೋಂಸ್ಟೇ, ಸಣ್ಣ ಬಡಾವಣೆಗಳ ಕೆಲಸ ಮಾಡುತ್ತಿದ್ದೇನೆ. ಈ ಕ್ರಮವೊಂದು ಬದಲಾಗಿಲ್ಲ. "ಸಾರ್, ಸೈಟ್ ಲೆವೆಲ್ ಮಾಡಿಸಿ ಆಯ್ತು. ಹಿಂದ್ಗಡೆ ಹದಿನಾಲ್ಕು ಅಡಿ ಬರೆ ಬಂದಿದೆ. ಒಂದು ಗಟ್ಟಿ ತಡೆಗೋಡೆ ಡಿಸೈನ್ ಮಾಡಿ ಕೊಡಿ." ಹೋಗಿ ನೋಡಿದರೆ ಕೆಂಪು ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಮುಖ, ನೆಟ್ಟಗೆ ನಿಂತಿರುತ್ತದೆ. ಮೇಲಿನ ಅಂಚಿನಲ್ಲಿ ಸಿಲ್ವರ್ ಓಕಿನ ಬೇರು ಗಾಳಿಗೆ ನೇತಾಡುತ್ತಿರುತ್ತದೆ. ಕಡಿದ ಮಣ್ಣನ್ನೆಲ್ಲ ಕೆಳಗಿನ ಇಳಿಜಾರಿಗೆ ತಳ್ಳಿ, ಆ ಸಡಿಲ ಮಣ್ಣಿನ ಮೇಲೆಯೇ ಸಿಟೌಟಿಗೆ ಗೂಟ ಹೊಡೆದಿರುತ್ತಾರೆ. ಇಷ್ಟೆಲ್ಲ ಆಗುವುದು ಫೆಬ್ರವರಿಯಲ್ಲಿ. "ನೋಡಿ ಸಾರ್, ಒಂದು ಹಿಡಿ ಮಣ್ಣೂ ಉದುರಿಲ್ಲ" ಎನ್ನುತ್ತಾರೆ. ಅವರು ಹೇಳುವುದು ನಿಜ. ಬೇಸಿಗೆಯಲ್ಲಿ ನಮ್ಮ ಮಣ್ಣಿನಲ್ಲಿ ಉಳಿದಿರುವ ಅಲ್ಪ ತೇವ ಕಣಕ್ಕೆ ಕಣವನ್ನು ಎಳೆದು ಹಿಡಿದಿರುತ್ತದೆ. ಆ ಹಿಡಿತ ಜುಲೈ ತನಕ ಇರುವುದಿಲ್ಲ.

ಗೋಡೆ ಕಟ್ಟುವುದು ಮಣ್ಣನ್ನು ತಡೆಯುವುದಕ್ಕೆ ಎಂದು ಎಲ್ಲರೂ ನಂಬಿದ್ದಾರೆ. ಅದಕ್ಕೇ ಗೋಡೆಯ ದಪ್ಪ ಎಷ್ಟು, ಕಬ್ಬಿಣ ಎಷ್ಟು, ಕಾಂಕ್ರೀಟೋ ಸೈಜುಗಲ್ಲೋ ಎಂದು ಕೇಳುತ್ತಾರೆ. ಗೋಡೆಯ ಹಿಂದಿನ ನೀರು ಹೇಗೆ ಆಚೆ ಬರುತ್ತದೆ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ಒಂದು ಲೆಕ್ಕ ಹೇಳುತ್ತೇನೆ. ಹತ್ತು ಅಡಿ, ಅಂದರೆ ಸುಮಾರು 3 ಮೀಟರ್ ಎತ್ತರದ ಗೋಡೆ. ಹಿಂದೆ ಒಣ ಮಣ್ಣಿದ್ದರೆ ಅದು ಪ್ರತಿ ಮೀಟರ್ ಉದ್ದಕ್ಕೆ ಹೆಚ್ಚುಕಡಿಮೆ 2.7 ಟನ್ ಬಲದಿಂದ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ತುಂಬಿ ನಿಂತರೆ ನೀರಿನ ತಳ್ಳುವಿಕೆಯೇ 4.5 ಟನ್, ನೆನೆದ ಮಣ್ಣಿನ ಪಾಲೂ ಸೇರಿದರೆ 6 ಟನ್ನಿನ ಹತ್ತಿರ. ಗೋಡೆ ಅದೇ, ಮಣ್ಣೂ ಅದೇ, ಹೊರೆ ಮಾತ್ರ ಇಮ್ಮಡಿ ದಾಟಿತು. ಗೋಡೆಯ ಎತ್ತರ ಇಪ್ಪತ್ತು ಅಡಿಯಾದರೆ ಈ ಬಲ ನಾಲ್ಕು ಪಟ್ಟು. (ಮಣ್ಣಿನಿಂದ ಮಣ್ಣಿಗೆ ಅಂಕಿ ಬದಲಾಗುತ್ತದೆ. ಈ ಲೆಕ್ಕ ನೋಡಿಕೊಂಡು ಯಾರೂ ಗೋಡೆ ಕಟ್ಟಬೇಡಿ, ಜಾಗ ನೋಡದೆ ನಾನೂ ಕಟ್ಟಿಸುವುದಿಲ್ಲ.)

ಇನ್ನೊಂದು ವಿಷಯವಿದೆ, ಇದನ್ನು ನಂಬಿಸಲು ಬಹಳ ಕಷ್ಟಪಡುತ್ತೇನೆ. ನೀರು ಎಷ್ಟಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದಷ್ಟೇ ಲೆಕ್ಕ. ಗೋಡೆಯ ಹಿಂದೆ ಒಂದಿಂಚಿನ ಸಂದಿನಲ್ಲಿ ಹತ್ತು ಅಡಿ ನೀರು ನಿಂತರೂ, ಹಾರಂಗಿ ಜಲಾಶಯವೇ ಬಂದು ಹತ್ತು ಅಡಿ ನಿಂತರೂ ಗೋಡೆಗೆ ಬೀಳುವ ಒತ್ತಡ ಒಂದೇ. "ಅಷ್ಟೊಂದು ನೀರು ಎಲ್ಲಿಂದ ಬರುತ್ತೆ ಸಾರ್?" ಎನ್ನುವವರಿಗೆ ಇದೇ ಉತ್ತರ.

ಎಲ್ಲಿಂದ ಬರುತ್ತದೆ ಎಂಬುದೂ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ತೋಟವಿರುವ ಪ್ರತಿ ಮನೆಯಲ್ಲಿ ಮಳೆಮಾಪಕ ಇದೆ, ಬೆಳಿಗ್ಗೆ ಎದ್ದು ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಬರೆದಿಡುತ್ತಾರೆ. ಹತ್ತು ಸೆಂಟಿನ ಸೈಟಿನ ಮೇಲೆ ಒಂದಿಂಚು ಮಳೆ ಬಿದ್ದರೆ ಹತ್ತು ಸಾವಿರ ಲೀಟರ್ ದಾಟುತ್ತದೆ. ಹತ್ತಿಂಚು ಹೊಡೆದರೆ ಲಕ್ಷ ಲೀಟರ್. ಮೇಲಿನ ಗುಡ್ಡದಿಂದ ಮಣ್ಣಿನೊಳಗೇ ಇಳಿದು ಬರುವುದು ಬೇರೆ.

ನಿವೃತ್ತ ಸುಬೇದಾರರೊಬ್ಬರಿಗೆ ಇಂಥದ್ದೊಂದು ಗೋಡೆ ಕಟ್ಟಿಸಿಕೊಟ್ಟಿದ್ದೆ. ಬಹಳ ಶಿಸ್ತಿನ ಮನುಷ್ಯ. ಸಿಮೆಂಟ್ ಮೂಟೆ ಎಣಿಸಿ ಬರೆದಿಡುತ್ತಿದ್ದರು, ಕ್ಯೂರಿಂಗಿಗೆ ತಾವೇ ನೀರು ಹಿಡಿಯುತ್ತಿದ್ದರು. ಗೋಡೆಯ ಹಿಂದೆ ಒಂದಡಿ ದಪ್ಪ ಜಲ್ಲಿ, ಮಣ್ಣು ಜಲ್ಲಿಗೆ ಸೇರದ ಹಾಗೆ ಬಟ್ಟೆ, ನೀರು ಆಚೆ ಬರಲು ಗೋಡೆಯಲ್ಲಿ ಮೂರಿಂಚಿನ ಪಿವಿಸಿ ಪೈಪುಗಳು, ಎಲ್ಲ ಸರಿಯಾಗಿತ್ತು. ಎರಡು ಮಳೆಗಾಲ ಕಳೆಯಿತು. ಮೂರನೇ ವರ್ಷ ಕಕ್ಕಡ ಹದಿನೆಂಟರ (ಆಗಸ್ಟ್ ಮೊದಲ ವಾರ, ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ) ಬೆಳಿಗ್ಗೆ ಅವರ ಮನೆಯಾಕೆ ಫೋನ್ ಮಾಡಿದರು: "ಗೋಡೆ ಹೊಟ್ಟೆ ಬಿಟ್ಟ ಹಾಗೆ ಕಾಣ್ತಿದೆ, ಒಂದು ಸಲ ಬಂದು ಹೋಗಿ."

ಹೋದೆ. ಅಡುಗೆಮನೆಯಿಂದ ಗೋಡೆಗೆ ಆರಡಿ ದೂರ. ಹಿಂದಿನ ಬೇಸಿಗೆಯಲ್ಲಿ ಗೋಡೆಗೆ ಕ್ರೀಮ್ ಬಣ್ಣ ಹೊಡೆಸಿದ್ದರು. ಪೈಪಿನಿಂದ ಕೆಂಪು ನೀರಿಳಿದು ಬಣ್ಣ ಕೆಡುತ್ತದೆ, ಹಾವು ಬೇರೆ ಬಂದು ಸೇರುತ್ತದೆ ಎಂದು ಬಣ್ಣದವನು ಹೇಳಿದನಂತೆ. ಒಂದೊಂದು ಪೈಪಿನ ಬಾಯಿಗೂ ಗಾರೆ ಮೆತ್ತಿ ನುಣ್ಣಗೆ ಉಜ್ಜಿ ಬಣ್ಣ ಬಳಿದಿದ್ದರು. ದಾರ ಹಿಡಿದು ನೋಡಿದರೆ ಗೋಡೆಯ ನಡುಭಾಗ ಎರಡು ಬೆರಳು ಮುಂದೆ ಬಂದಿತ್ತು. ಮನೆಯವರನ್ನೆಲ್ಲ ಮುಂದಿನ ರಸ್ತೆಗೆ ಕಳಿಸಿ, ನಾನು ಮತ್ತು ಮೇಸ್ತ್ರಿ ಪಕ್ಕದಲ್ಲಿ ನಿಂತು ತುದಿಯಿಂದ ಒಂದೊಂದೇ ತೂತನ್ನು ಬಿಡಿಸಿದೆವು. ಮೊದಲನೆಯದು ಬಿಟ್ಟುಕೊಂಡಾಗ ನೀರು ಸಿಡಿದು ಅಡುಗೆಮನೆಯ ಮೆಟ್ಟಿಲಿಗೆ ಹೊಡೆಯಿತು. ಕೆಂಪಾಗಿ ಬಂದದ್ದು ಕಾಲು ಗಂಟೆಗೆ ತಿಳಿಯಾಯಿತು, ಸಂಜೆವರೆಗೂ ನಿಲ್ಲಲಿಲ್ಲ. ಆ ಗೋಡೆ ಉಳಿಯಿತು. ಹಾಗೆ ಬಿಡಿಸಲು ಹೋದಾಗ ಎಲ್ಲ ಗೋಡೆಯೂ ಉಳಿಯುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. ಹೊಟ್ಟೆ ಬಿಟ್ಟ ಗೋಡೆ ಕಂಡರೆ ಮೊದಲು ಮನೆ ಖಾಲಿ ಮಾಡಿ, ಆಮೇಲೆ ಫೋನ್ ಮಾಡಿ. ಮದ್ದುಸೊಪ್ಪಿನ ಪಾಯಸ ತಿನ್ನಿಸದೆ ಬಿಡಲಿಲ್ಲ ಆ ಮನೆಯಾಕೆ. ಅವರ ಕೈ ನಡುಗುತ್ತಿತ್ತು.

ಈಚೆಗೆ ಇನ್ನೊಂದು ಸೇರಿಕೊಂಡಿದೆ. ಪರಿಸರದ ಕಾಳಜಿಯಿರುವ ಯುವ ದಂಪತಿಗಳು ಬರುತ್ತಾರೆ, ಅವರನ್ನು ಕಂಡರೆ ನನಗೆ ನಿಜಕ್ಕೂ ಪ್ರೀತಿ. ಬೆಂಗಳೂರಿನಲ್ಲಿ ಮಾಡಿದಂತೆ ಇಲ್ಲೂ ಇಂಗುಗುಂಡಿ ಬೇಕು ಎನ್ನುತ್ತಾರೆ. ಗುಂಡಿ ತೋಡುವುದು ಬರೆಯ ನೆತ್ತಿಯಲ್ಲಿ! ಬೆಂಗಳೂರಿನ ಸಮತಟ್ಟಿನಲ್ಲಿ ಅದು ಒಳ್ಳೆಯ ಕೆಲಸ. ಇಲ್ಲಿ ಬರೆಯ ಮೇಲೆ ನೀರಿಂಗಿಸಿದರೆ ನೀವು ಕಟ್ಟಿದ ಗೋಡೆಯ ಹಿಂದಕ್ಕೇ ನೀರು ಬಿಟ್ಟಂತೆ. ಕಾಫಿ ತೋಟದಲ್ಲಿ ನೀರಿಂಗಿಸಲು ತೋಡುವ ತೊಟ್ಟಿಲು ಗುಂಡಿಯೂ ಹಾಗೆಯೇ: ತೋಟದ ನಡುವೆ ಇರಲಿ, ಕಡಿದ ಬರೆಯ ಮೇಲೆ ಬೇಡ. ಶೌಚದ ಗುಂಡಿಯೂ ಬೇಡ. ಬರೆಯ ಮೇಲೆ ಬೇಕಾದದ್ದು ಸಿಮೆಂಟಿನ ಚರಂಡಿ, ಅದು ಪಕ್ಕದ ತೋಡಿನವರೆಗೂ (ಸಣ್ಣ ಹಳ್ಳ) ಮುಟ್ಟಬೇಕು.

ಪಕ್ಕದ ತೋಡಿನವರೆಗೆ ಎಂದ ಕೂಡಲೇ ಒಂದು ಸೈಟಿನ ಮಾತು ಮುಗಿದು ಊರಿನ ಮಾತು ಶುರುವಾಗುತ್ತದೆ. ನಾನು ಒಬ್ಬರ ಚರಂಡಿ ಸರಿಮಾಡಿಸಿದರೆ ಆ ನೀರು ಕೆಳಗಿನವರ ಬರೆಯ ನೆತ್ತಿಗೆ ಹೋಗಿ ನಿಲ್ಲುತ್ತದೆ. ಬಡಾವಣೆಯ ನಕ್ಷೆಯಲ್ಲಿ 30×40ರ ಚೌಕಗಳಿರುತ್ತವೆ, ಅವುಗಳ ನಡುವೆ ಹರಿಯುತ್ತಿದ್ದ ಕೊಲ್ಲಿ, ಅಂದರೆ ಗುಡ್ಡದ ಸಂದಿನ ತೊರೆ, ಇರುವುದಿಲ್ಲ, ಅದರ ಮೇಲೆ ರಸ್ತೆಯ ಗೆರೆ ಇರುತ್ತದೆ. ಭೂ ಪರಿವರ್ತನೆಯ ಕಾಗದ, ಸೆಟ್‌ಬ್ಯಾಕ್, ಮಹಡಿಯ ಎತ್ತರ ಎಲ್ಲವನ್ನೂ ನೋಡುತ್ತಾರೆ. ನೀರು ಯಾರ ಜಾಗ ದಾಟಿ ಎಲ್ಲಿಗೆ ಸೇರಬೇಕು ಎಂಬುದನ್ನು ಸೈಟು ಮಾರುವ ಮೊದಲೇ, ಕೊಲ್ಲಿ ಕೊಲ್ಲಿಗೆ ಒಂದು ನಕ್ಷೆ ಮಾಡಿ ಬರೆದಿಡಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮಳೆಯ ಜೊತೆಗೆ ನಾವು ಇಳಿಜಾರು ಕಡಿದ ರೀತಿಯನ್ನೂ ಕಾರಣವೆಂದು ಹೇಳಿದರು. ಮಕ್ಕಂದೂರು, ಜೋಡುಪಾಲದ ಹೆಸರು ಹೇಳಿದರೆ ಈಗಲೂ ಜನ ಸುಮ್ಮನಾಗುತ್ತಾರೆ. ಕೆಳಗೆ ಕುಶಾಲನಗರದಲ್ಲಿ ಕಾವೇರಿ ದಂಡೆಯ ಬಡಾವಣೆಗಳಿಗೆ ಆ ವರ್ಷವೂ ಮರುವರ್ಷವೂ ನೀರು ನುಗ್ಗಿತು.

ಬೆಟ್ಟದ ಮೇಲೆ ಊರು ಬೆಳೆಸಲೇಬಾರದು ಎನ್ನುವವನಲ್ಲ ನಾನು. ಹಾಂಗ್‌ಕಾಂಗ್‌ನಲ್ಲಿ 1972ರ ಜೂನ್ 18ರಂದು ಒಂದೇ ದಿನ ಎರಡು ಕಡೆ ಕುಸಿದು 138 ಜನ ಸತ್ತರು. ಅದರಲ್ಲಿ ಒಂದು ರಸ್ತೆಗಾಗಿ ತುಂಬಿದ ಮಣ್ಣು. 1976ರಲ್ಲಿ ಅದೇ ಪ್ರದೇಶದಲ್ಲಿ ಮತ್ತೆ ಕುಸಿಯಿತು. ಮರುವರ್ಷವೇ ಇಳಿಜಾರುಗಳಿಗೆಂದೇ ಒಂದು ಸರ್ಕಾರಿ ಕಚೇರಿ ತೆರೆದರು. ಈಗ ಅಲ್ಲಿ ಮನುಷ್ಯರು ಕಡಿದ, ತುಂಬಿದ ಬರೆಗಳಿಗೆ ನಂಬರ್ ಇದೆ, ಯಾರು ನೋಡಿಕೊಳ್ಳಬೇಕೆಂಬ ದಾಖಲೆಯಿದೆ. ಅದೇ 1976ರಲ್ಲಿ ನಮ್ಮ ಜೋಶಿಮಠದ ಬಗ್ಗೆ ಮಿಶ್ರಾ ಸಮಿತಿ, ಈ ಊರು ಹಳೆಯ ಕುಸಿತದ ಮಣ್ಣಿನ ಮೇಲಿದೆ, ಭಾರೀ ಕಟ್ಟಡ ಬೇಡ ಎಂದಿತ್ತು. 2023ರ ಜನವರಿಯಲ್ಲಿ ಅಲ್ಲಿನ ಮನೆಗಳ ಬಿರುಕನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು.

ಹಳೆಯ ಐನ್‌ಮನೆಗಳನ್ನು, ಕೊಡವ ಕುಟುಂಬಗಳ ಮೂಲಮನೆಗಳನ್ನು, ಗಮನಿಸಿ. ಗದ್ದೆಗಿಂತ ಸ್ವಲ್ಪ ಮೇಲೆ, ಹಿಂದಿನ ಬಾಣೆಯ (ಗದ್ದೆಗೆ ಸೇರಿದ ಕಾಡುಜಾಗ) ಮರಗಳಿಗೆ ಕೈಹಚ್ಚದೆ ಕಟ್ಟಿದ ಮನೆಗಳು. ಇಳಿಜಾರಿದ್ದರೆ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಇಂದಿಗೂ ಅದು ಸಾಧ್ಯ: ಹದಿನಾಲ್ಕು ಅಡಿ ಒಂದೇ ಬರೆ ಕಡಿಯುವ ಬದಲು ಮನೆಯನ್ನೇ ಎರಡು ಮೂರು ಮಟ್ಟದಲ್ಲಿ ಇಳಿಸಿ ಕಟ್ಟಿದರೆ ಎಷ್ಟೋ ಕಡೆ ದೊಡ್ಡ ಗೋಡೆಯೇ ಬೇಕಾಗುವುದಿಲ್ಲ. ಕಾರು ಬಾಗಿಲಿಗೇ ಬರಬೇಕೆಂದು ಹಟ ಹಿಡಿಯುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ.

ಮೊನ್ನೆ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಂಕಲ್, ನಾಳಿದ್ದು ಜೆಸಿಬಿ ಹೇಳಿದ್ದೀನಿ. ಅಪ್ಪ ಮೊದಲು ನಿಮ್ಮನ್ನ ಕೇಳು ಅಂದ್ರು." ಅಪ್ಪ ಯಾರೆಂದು ಕೇಳಿದರೆ ಅದೇ ಸುಬೇದಾರರು. ಜೂನ್ ಬಂತೆಂದರೆ ಈಗ ಅವರೇ ಬಿದಿರಿನ ಕಡ್ಡಿ ಹಿಡಿದು ಒಂದೊಂದು ಪೈಪನ್ನೂ ಚುಚ್ಚಿ ನೋಡುತ್ತಾರಂತೆ. ಜೆಸಿಬಿ ಬೇಡವೆಂದು ಹೇಳಿ, ಟೇಪು ಮತ್ತು ಮಟ್ಟದ ಪೈಪು ಹಿಡಿದು ಮರುದಿನ ಬೆಳಿಗ್ಗೆ ಹೊರಟೆ.