ಅಷ್ಟೇ ಜನ, ಆದರೆ ಅದೇ ಜನರಲ್ಲ

ಶಿಕಾಗೊ ನಗರದ ಉತ್ತರಕ್ಕಿರುವ ಸ್ಕೋಕಿ ಎಂಬ ಊರಿನ ಜನಸಂಖ್ಯೆ 1970ರ ಗಣತಿಯಲ್ಲಿ 68 ಸಾವಿರ ಚಿಲ್ಲರೆಯಿತ್ತು, 2020ರ ಗಣತಿಯಲ್ಲಿ 67,824 ಇತ್ತು. ಈ ಎರಡು ಅಂಕಿಗಳನ್ನು ಹಾಳೆಯ ಮೇಲೆ ಬರೆದುಕೊಂಡು ಬಂದು, "ಐವತ್ತು ವರ್ಷದಲ್ಲಿ ಒಂದಿಷ್ಟೂ ಬೆಳೆಯದ ಊರು ಮೇಡಂ, ಇಲ್ಲಿ ಏನೂ ಬದಲಾಗಿಲ್ಲ" ಎಂದು ನನಗೇ ತಿಳಿಹೇಳಿದವರ ಲೆಕ್ಕವನ್ನು ನಾನು ಇಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಅಂಗಡಿ ತೆರೆಯುವವರು, ಮನೆ ಕೊಳ್ಳುವವರು, ದೇವಸ್ಥಾನಕ್ಕೆ ಜಾಗ ಹುಡುಕುವ ಸಮಿತಿಗಳವರು, ಒಮ್ಮೊಮ್ಮೆ ಶಾಲಾ ಮಂಡಳಿಯವರು ನನ್ನಲ್ಲಿಗೆ ಬರುತ್ತಾರೆ. ಊರಿನ ಅಂಕಿಅಂಶಗಳನ್ನು ಓದಿ ಅವರಿಗೆ ಸಲಹೆ ಕೊಡುವುದು ನನ್ನ ವೃತ್ತಿ. ಓದಿಕೊಂಡವರು, ವ್ಯವಹಾರ ಬಲ್ಲವರು ಎಲ್ಲರೂ ಈ ಒಂದೇ ಹಳ್ಳಕ್ಕೆ ಬೀಳುವುದನ್ನು ಕಂಡೇ ಈ ಬರಹಕ್ಕೆ ಕೈಹಾಕಿದ್ದೇನೆ.

ಮೊದಲು ಒಂದು ಸಣ್ಣ ಗೊಂದಲವನ್ನು ಬದಿಗಿಡುತ್ತೇನೆ. ಸ್ಕೋಕಿ ಕಾನೂನಿನ ಪ್ರಕಾರ ನಗರವಲ್ಲ, 'ವಿಲೇಜ್'. ಇಲಿನಾಯ್ ರಾಜ್ಯದಲ್ಲಿ ಈ ಪದ ಸ್ಥಳೀಯ ಆಡಳಿತದ ಒಂದು ಮಾದರಿಯನ್ನು ಸೂಚಿಸುತ್ತದೆಯೇ ಹೊರತು ಊರಿನ ಗಾತ್ರವನ್ನಲ್ಲ. ನಮ್ಮಲ್ಲಿ ಜನಸಂಖ್ಯೆ ಏರಿದಂತೆ ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿಯಾಗಿ, ಪುರಸಭೆಯಾಗಿ ಮೇಲ್ದರ್ಜೆಗೇರಿಸುವ ಪದ್ಧತಿ ಇರುವುದರಿಂದ ಕನ್ನಡಿಗರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಶಿಕಾಗೊದ ಇನ್ನೊಂದು ಉಪನಗರ ಶಾಂಬರ್ಗ್ ಕೂಡ ವಿಲೇಜೇ. 1960ರಲ್ಲಿ ಅಲ್ಲಿದ್ದವರು 986 ಮಂದಿ, 2020ರಲ್ಲಿ 78 ಸಾವಿರಕ್ಕೂ ಹೆಚ್ಚು. ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು, "ಏನಮ್ಮಾ, ನಮ್ಮ ಹುಡುಗ ಇಷ್ಟು ದೂರ ಬಂದು ಹಳ್ಳಿಯಲ್ಲಿ ಮನೆ ಕೊಂಡಿದ್ದಾನಲ್ಲ" ಎಂದು ನನ್ನೆದುರು ನಿಜವಾಗಿಯೂ ಮರುಗಿದ್ದರು. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ಮುಖ್ಯ ಮಾತು. ಬೆಂಗಳೂರಿನಿಂದ ಮೈಸೂರಿಗೆ ಹೊರಟ, ಎಲ್ಲ ಊರಲ್ಲೂ ನಿಲ್ಲುವ ಸಾಮಾನ್ಯ ಬಸ್ಸೊಂದನ್ನು ನೆನೆಯಿರಿ. ರಾಮನಗರದಲ್ಲಿ ಎಣಿಸಿದಾಗ ಬಸ್ಸಿನಲ್ಲಿ ಐವತ್ತು ಜನ, ಮಂಡ್ಯದಲ್ಲಿ ಎಣಿಸಿದಾಗಲೂ ಐವತ್ತೇ ಜನ. ಹಾಗಾದರೆ ನಡುವೆ ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ ಎಂದು ಆ ದಾರಿಯಲ್ಲಿ ಓಡಾಡಿದ ಯಾರೂ ಹೇಳುವುದಿಲ್ಲ. ಚನ್ನಪಟ್ಟಣದಲ್ಲಿ ಅರ್ಧ ಬಸ್ಸು ಇಳಿದಿರಬಹುದು, ಮದ್ದೂರಿನಲ್ಲಿ ಅಷ್ಟೇ ಜನ ಹತ್ತಿರಬಹುದು. ಎಷ್ಟು ಹತ್ತಿದರು, ಎಷ್ಟು ಇಳಿದರು ಎಂಬುದು ಕಂಡಕ್ಟರಿಗೆ ಗೊತ್ತು; ಎರಡು ನಿಲ್ದಾಣಗಳಲ್ಲಿ ತಲೆ ಎಣಿಸಿದವನಿಗೆ ಗೊತ್ತಿಲ್ಲ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ ನಿಲ್ದಾಣದಲ್ಲಿ ನಿಂತು ತಲೆ ಎಣಿಸುವ ಕೆಲಸವನ್ನು ಮಾಡುತ್ತದೆ. ಇಷ್ಟನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಎದ್ದು ಬಾಗಿಲ ಬಳಿ ಹೋಗಿ ತಿರುಗಿ, "ಆದರೂ ಬೆಳೆದಿಲ್ಲ ಅಲ್ಲವೇ ಮೇಡಂ" ಎನ್ನುತ್ತಾರೆ.

ಆದ್ದರಿಂದ ಈ ಊರಿನ ಬಸ್ಸಿಗೆ ಯಾರು ಯಾವಾಗ ಹತ್ತಿದರು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ. ಪೊಟವಾಟೊಮಿ ಎಂಬ ಮೂಲನಿವಾಸಿ ಜನರ ನೆಲವಾಗಿದ್ದ ಈ ಜೌಗು ಬಯಲಿಗೆ, 1833ರ ಶಿಕಾಗೊ ಒಪ್ಪಂದ ಅವರನ್ನು ಹೊರಗೆ ಕಳಿಸಿದ ಮೇಲೆ, ಜರ್ಮನಿ ಮತ್ತು ಲಕ್ಸೆಂಬರ್ಗ್ ಕಡೆಯ ರೈತರು ಬಂದು ನೆಲೆಸಿ ಶಿಕಾಗೊ ಮಾರುಕಟ್ಟೆಗೆ ತರಕಾರಿ ಬೆಳೆದರು. 1888ರಲ್ಲಿ ನೈಲ್ಸ್ ಸೆಂಟರ್ ಎಂಬ ಹೆಸರಿನಲ್ಲಿ ಅದು ವಿಲೇಜ್ ಆಯಿತು. 1940ರಲ್ಲಿ ಹೆಸರನ್ನು ಸ್ಕೋಕಿ ಎಂದು ಬದಲಿಸಿಕೊಂಡಿತು. 1920ರಲ್ಲಿ ಅಲ್ಲಿದ್ದವರು ಕೇವಲ 763 ಜನ. ಆ ದಶಕದಲ್ಲಿ ವಿದ್ಯುತ್ ಮತ್ತು ರೈಲು ಉದ್ಯಮಿ ಸ್ಯಾಮ್ಯುಯೆಲ್ ಇನ್ಸಲ್ ಈ ಬಯಲಿನ ಮೂಲಕ ವಿದ್ಯುತ್ ರೈಲು ಮಾರ್ಗವನ್ನು ಎಳೆದ ಕೂಡಲೇ ನಿವೇಶನದ ಹುಚ್ಚು ಹಿಡಿಯಿತು. ಹೊಲಗಳನ್ನು ಚೌಕಚೌಕವಾಗಿ ಕತ್ತರಿಸಿ, ರಸ್ತೆ, ಒಳಚರಂಡಿ, ಕಾಲುದಾರಿಗಳನ್ನು ಮಾಡಿಟ್ಟರು. 1929ರಲ್ಲಿ ಶೇರುಪೇಟೆ ಕುಸಿದಾಗ ಮನೆ ಕಟ್ಟುವವರೇ ಇಲ್ಲವಾಗಿ, ಸುಮಾರು ಹದಿನೈದು ವರ್ಷ ಆ ಕಾಲುದಾರಿಗಳು ಹುಲ್ಲಿನ ನಡುವೆ ಹಾಗೆಯೇ ಬಿದ್ದಿದ್ದವು. ನಮ್ಮ ಕಡೆ ಹೊಸ ಬಡಾವಣೆಯ ಕಲ್ಲುಕಂಬಗಳ ನಡುವೆ ದನ ಮೇಯುವುದನ್ನು ಕಂಡವರಿಗೆ ಈ ಚಿತ್ರವನ್ನು ಹೆಚ್ಚು ಬಿಡಿಸಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ನಂತರ ಆ ಸಿದ್ಧ ನಿವೇಶನಗಳೇ ಊರಿನ ಭಾಗ್ಯವಾದವು. 1951ರಲ್ಲಿ ಈಡನ್ಸ್ ಹೆದ್ದಾರಿ ತೆರೆಯಿತು, 1956ರಲ್ಲಿ ಓಲ್ಡ್ ಆರ್ಚರ್ಡ್ ಎಂಬ ದೊಡ್ಡ ಮಾರಾಟ ಸಂಕೀರ್ಣ ಬಂತು. 1950ರಲ್ಲಿ 14,832 ಇದ್ದ ಜನಸಂಖ್ಯೆ 1960ಕ್ಕೆ 59,364 ಆಯಿತು. ಹತ್ತೇ ವರ್ಷದಲ್ಲಿ ನಾಲ್ಕು ಪಟ್ಟು. ಬಂದವರಲ್ಲಿ ಬಹುಪಾಲು ಶಿಕಾಗೊದ ಹಳೆಯ ಬಡಾವಣೆಗಳಿಂದ ಹೊರಟ ಯುವ ದಂಪತಿಗಳು, ಅವರಲ್ಲಿ ಯಹೂದಿ ಕುಟುಂಬಗಳು ಬಹಳ. ಹಿಟ್ಲರನ ಶಿಬಿರಗಳಿಂದ ಬದುಕಿ ಉಳಿದು ಬಂದವರೇ ಇಲ್ಲಿ ಕೆಲವು ಸಾವಿರ ಮಂದಿ ನೆಲೆಸಿದರು. 1977ರಲ್ಲಿ ನವನಾಜಿ ಗುಂಪೊಂದು ಸಮವಸ್ತ್ರ ತೊಟ್ಟು ಇದೇ ಊರಿನಲ್ಲಿ ಮೆರವಣಿಗೆ ಮಾಡುತ್ತೇವೆಂದು ಹಟ ಹಿಡಿದದ್ದು ಆ ಕಾರಣಕ್ಕಾಗಿಯೇ. ಊರು ತಡೆಯಲು ನೋಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ವಾಕ್‌ಸ್ವಾತಂತ್ರ್ಯದ ಪಠ್ಯಗಳಲ್ಲಿ ಸೇರಿಕೊಂಡಿತು. ಕೊನೆಗೆ ಆ ಗುಂಪು ಸ್ಕೋಕಿಗೆ ಬರಲಿಲ್ಲ, 1978ರಲ್ಲಿ ಶಿಕಾಗೊದಲ್ಲಿ ಸಭೆ ನಡೆಸಿ ಸುಮ್ಮನಾಯಿತು. ಬದುಕಿ ಉಳಿದವರ ಪ್ರಯತ್ನದಿಂದ ಹುಟ್ಟಿದ ಹತ್ಯಾಕಾಂಡ ಸ್ಮಾರಕ ವಸ್ತುಸಂಗ್ರಹಾಲಯದ ದೊಡ್ಡ ಕಟ್ಟಡ 2009ರಲ್ಲಿ ಇಲ್ಲಿ ತೆರೆಯಿತು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಮೆರಿಕದ ಜನಗಣತಿ ಯಾರ ಧರ್ಮವನ್ನೂ ಕೇಳುವುದಿಲ್ಲ. ಊರಿನಲ್ಲಿ ಯಹೂದಿಗಳು ಇಷ್ಟು, ಹಿಂದೂಗಳು ಇಷ್ಟು ಎಂದು ಯಾರಾದರೂ ಅಂಕಿ ತೋರಿಸಿದರೆ, ಅದು ಗಣತಿಯದ್ದಲ್ಲ, ಯಾರದೋ ಅಂದಾಜು ಎಂದು ತಿಳಿಯಬೇಕು. ಅಂದಾಜು ತಪ್ಪೆಂದು ನಾನು ಹೇಳುತ್ತಿಲ್ಲ, ಅದರ ತೂಕ ಬೇರೆ ಎಂದಷ್ಟೇ ಹೇಳುತ್ತಿದ್ದೇನೆ.

1970ರ ನಂತರದ ಇಪ್ಪತ್ತು ವರ್ಷಗಳಲ್ಲಿಯೇ ಎಲ್ಲರೂ ಎಡವುವುದು. 1980ರ ಗಣತಿಯಲ್ಲಿ 60,278, 1990ರಲ್ಲಿ 59,432. "ಜನ ಊರು ಬಿಟ್ಟು ಓಡಿದ್ದಾರೆ, ಏನೋ ಕೆಟ್ಟಿದೆ" ಎಂದು ಕಕ್ಷಿದಾರರು ಈ ಸಾಲಿನ ಮೇಲೆ ಬೆರಳಿಡುತ್ತಾರೆ. ಊಹೆಯ ಬೀದಿಯೊಂದನ್ನು ಇಟ್ಟುಕೊಂಡು ಇದನ್ನು ಲೆಕ್ಕ ಹಾಕೋಣ. ಬೀದಿಯಲ್ಲಿ ಇಪ್ಪತ್ತು ಮನೆ. 1962ರಲ್ಲಿ ಪ್ರತಿ ಮನೆಯಲ್ಲೂ ತಂದೆ, ತಾಯಿ, ಮೂವರು ಮಕ್ಕಳು. ಒಟ್ಟು ನೂರು ಜನ. 1985ರ ಹೊತ್ತಿಗೆ ಮಕ್ಕಳು ಓದು, ಕೆಲಸ, ಮದುವೆ ಎಂದು ಹೊರಟು ಪ್ರತಿ ಮನೆಯಲ್ಲೂ ಇಬ್ಬರೇ ಉಳಿದಿದ್ದಾರೆ, ಒಟ್ಟು ನಲವತ್ತು. ಒಂದು ಮನೆಯೂ ಮಾರಾಟವಾಗಿಲ್ಲ, ಒಂದು ಬಾಗಿಲಿಗೂ ಬೀಗ ಬಿದ್ದಿಲ್ಲ, ಅಂಗಳದ ಹುಲ್ಲು ಮೊದಲಿನಷ್ಟೇ ಒಪ್ಪವಾಗಿದೆ, ಆದರೂ ಗಣತಿಯ ಪ್ರಕಾರ ಬೀದಿ ಅರ್ಧಕ್ಕಿಂತ ಹೆಚ್ಚು ಬರಿದಾಗಿದೆ. ಅಲ್ಲಿ ಜನಸಂಖ್ಯೆ ಇಳಿದದ್ದು ಜನ ಓಡಿಹೋದದ್ದರಿಂದಲ್ಲ, ಬಂದವರು ಅಲ್ಲಿಯೇ ಉಳಿದು ಮುದುಕರಾದದ್ದರಿಂದ. ನಿಜವಾದ ಸ್ಕೋಕಿಯಲ್ಲಿ ಇದು ಇಷ್ಟು ನೇರವಾಗಿ ನಡೆಯಲಿಲ್ಲ, ಆದರೆ ಮಕ್ಕಳ ಕೊರತೆ ಎಷ್ಟಿತ್ತೆಂದರೆ ನೈಲ್ಸ್ ಈಸ್ಟ್ ಪ್ರೌಢಶಾಲೆಯನ್ನು 1980ರಲ್ಲಿ ಮುಚ್ಚಿದರು. ಖಾಲಿ ಬಿದ್ದ ಕಟ್ಟಡದಲ್ಲಿ ಸ್ವಲ್ಪ ಕಾಲ ಸಿನಿಮಾದವರು ಬಂದು ಚಿತ್ರೀಕರಣ ನಡೆಸಿದರು. ಈಗ ಆ ಜಾಗದಲ್ಲಿ ಓಕ್‌ಟನ್ ಕಾಲೇಜಿನ ಆವರಣವಿದೆ.

ಅದೇ ಬೀದಿಯ 2010ರ ಲೆಕ್ಕವನ್ನೂ ಮುಗಿಸಿಬಿಡುತ್ತೇನೆ. ಮುದುಕರು ತೀರಿಕೊಂಡರು ಅಥವಾ ಬೆಚ್ಚಗಿನ ರಾಜ್ಯಗಳಿಗೆ ಹೋದರು. ಮನೆ ಕೊಂಡವರು ಬೇರೆ ದೇಶದಿಂದ ಬಂದವರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅನೇಕ ಮನೆಗಳಲ್ಲಿ ಜೊತೆಗೆ ಅಜ್ಜಿ. ಇಪ್ಪತ್ತೇ ಮನೆಗಳು, ಹೊಸ ಇಟ್ಟಿಗೆ ಒಂದೂ ಇಲ್ಲ, ಜನ ಮಾತ್ರ ನಲವತ್ತರಿಂದ ತೊಂಬತ್ತಕ್ಕೆ ಏರಿದ್ದಾರೆ. ಸ್ಕೋಕಿಯ ಸುತ್ತಲೂ ಇವಾನ್‌ಸ್ಟನ್, ಲಿಂಕನ್‌ವುಡ್, ಮಾರ್ಟನ್ ಗ್ರೋವ್, ವಿಲ್ಮೆಟ್ ಮುಂತಾದ ಊರುಗಳು ಗಡಿಗೆ ಗಡಿ ಹೊಂದಿಕೊಂಡಿವೆ. ಹೊರಕ್ಕೆ ಚಾಚಲು ಅದಕ್ಕೆ ಜಾಗವಿಲ್ಲ. ಇಂಥ ಊರಿನಲ್ಲಿ ಒಟ್ಟು ಸಂಖ್ಯೆ ಏರಿಳಿಯುವುದು ಮುಖ್ಯವಾಗಿ ಒಂದು ಸೂರಿನಡಿ ಎಷ್ಟು ಜನ ಮಲಗುತ್ತಾರೆ ಎಂಬುದರಿಂದ. ಹಾಗಾಗಿ ಒಟ್ಟು ಜನಸಂಖ್ಯೆಗಿಂತ ಮೊದಲು ಮನೆಯೊಂದಕ್ಕೆ ಸರಾಸರಿ ಎಷ್ಟು ಜನ, ಯಾವ ವಯಸ್ಸಿನವರು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂಬ ಮೂರು ಪಟ್ಟಿಗಳನ್ನು ನೋಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಹೊಸಬರು ಬಂದದ್ದಕ್ಕೆ ಕಾನೂನಿನ ಕಾರಣವಿದೆ. 1965ರ ವಲಸೆ ಕಾಯ್ದೆ ದೇಶವಾರು ಹಳೆಯ ಕೋಟಾಗಳನ್ನು ತೆಗೆಯುವವರೆಗೆ ಇಡೀ ಭಾರತಕ್ಕಿದ್ದ ಕೋಟಾ ವರ್ಷಕ್ಕೆ ನೂರು. ಅದು ಬದಲಾದ ಮೇಲೆ ಫಿಲಿಪ್ಪೀನ್ಸ್, ಕೊರಿಯಾ, ಭಾರತ, ಪಾಕಿಸ್ತಾನಗಳಿಂದ, ನಂತರದ ಯುದ್ಧಗಳ ಕಾರಣ ಇರಾಕಿನಿಂದ ಅಸ್ಸೀರಿಯನ್ ಕ್ರೈಸ್ತರು, ಸೋವಿಯತ್ ಒಕ್ಕೂಟದಿಂದ ಯಹೂದಿಗಳು ಬಂದರು. 2010ರ ಹೊತ್ತಿಗೆ ಊರಿನ ಕಾಲು ಭಾಗದಷ್ಟು ಜನ ಏಷ್ಯಾ ಮೂಲದವರಾಗಿದ್ದರು. ಈಗ ಹತ್ತರಲ್ಲಿ ಸುಮಾರು ನಾಲ್ವರು ಹೊರದೇಶದಲ್ಲಿ ಹುಟ್ಟಿದವರು. ಮಕ್‌ಕಾರ್ಮಿಕ್ ರಸ್ತೆಯ ಪಕ್ಕದ ಉದ್ಯಾನದಲ್ಲಿ ಗಾಂಧೀಜಿಯ ಪ್ರತಿಮೆ ನಿಂತಿದೆ. 68 ಸಾವಿರ, 67 ಸಾವಿರ ಎಂದು ಎರಡೇ ಅಂಕಿ ಹಿಡಿದು ಬಂದವರ ಹಾಳೆಯಲ್ಲಿ ಇದಾವುದೂ ಇರುವುದಿಲ್ಲ.

ಇನ್ನು ಸ್ವಲ್ಪ ಶ್ರಮಪಟ್ಟು ಹಳೆಯ ಗಣತಿಗಳನ್ನು ಹೋಲಿಸುವವರಿಗೆ ಒಂದು ಮಾತು. 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಸಾಲಿಗೆ ಸೇರಿಸಲಾಗಿತ್ತು. 'ಏಷ್ಯನ್ ಇಂಡಿಯನ್' ಎಂಬ ಪ್ರತ್ಯೇಕ ಕಲಂ ಬಂದದ್ದು 1980ರಲ್ಲಿ. ಅಂದರೆ ಆ ಹತ್ತು ವರ್ಷಗಳಲ್ಲಿ ಕೆಲವರು ಮನೆಯಿಂದ ಕದಲದೆಯೇ ಒಂದು ಕಲಂನಿಂದ ಇನ್ನೊಂದಕ್ಕೆ ದಾಟಿದರು. ಕಲಂಗಳ ಅರ್ಥ ಸ್ಥಿರವಾಗಿದೆಯೇ ಎಂದು ನೋಡದೆ ದಶಕಗಳನ್ನು ಹೋಲಿಸಬಾರದು. 2020ರ ಗಣತಿಯಲ್ಲಂತೂ ಗೌಪ್ಯತೆಗಾಗಿ ಅತಿ ಸಣ್ಣ ಪ್ರದೇಶಗಳ ಅಂಕಿಗಳನ್ನು ಬೇಕೆಂದೇ ತುಸು ಅತ್ತಿತ್ತ ಮಾಡಲಾಗಿದೆ. ಒಂದು ಬೀದಿಯ ಅಂಕಿಯ ಮೇಲೆ ಅಂಗಡಿ ಕಟ್ಟಬೇಡಿ.

ಮೈಸೂರಿನ ಹಿರಿಯರು ಎರಡನೆಯ ಸಲ ಬಂದಾಗ ಅವರ ಪ್ರಶ್ನೆ ಬೇರೆಯೇ ಆಗಿತ್ತು: "ಈ ಊರಲ್ಲಿ ಕನ್ನಡದವರು ಎಷ್ಟು ಮನೆ ಇದ್ದಾರಮ್ಮಾ?" ಇದಕ್ಕೆ ನನ್ನ ವೃತ್ತಿಯಲ್ಲಿ ಸರಿಯಾದ ಉತ್ತರವಿಲ್ಲ. ಮನೆಯಲ್ಲಿ ಆಡುವ ಭಾಷೆಯನ್ನು ಕೇಳುವುದು ಗಣತಿಯಲ್ಲ, ಅಮೆರಿಕನ್ ಕಮ್ಯುನಿಟಿ ಸರ್ವೆ. ಅದು ಎಲ್ಲ ಮನೆಗಳನ್ನೂ ಮುಟ್ಟುವುದಿಲ್ಲ, ಮಾದರಿಯಾಗಿ ಆಯ್ದ ಕೆಲವನ್ನು ಮಾತ್ರ ಕೇಳುತ್ತದೆ. 65,000ಕ್ಕಿಂತ ಕಡಿಮೆ ಜನರಿರುವ ಊರಿಗೆ ವರ್ಷದ ಅಂದಾಜನ್ನು ಪ್ರತ್ಯೇಕವಾಗಿ ಕೊಡದೆ ಐದು ವರ್ಷಗಳನ್ನು ಕಲೆಹಾಕಿ ಕೊಡುತ್ತದೆ. ಅದರ ಪ್ರಕಟಿತ ಪಟ್ಟಿಯಲ್ಲಿ ತೆಲುಗಿಗೆ ತನ್ನದೇ ಸಾಲಿದೆ, ತಮಿಳಿಗೂ ಇದೆ. ಕನ್ನಡವನ್ನು ಮಲಯಾಳಂ ಮತ್ತು ಉಳಿದ ದ್ರಾವಿಡ ಭಾಷೆಗಳ ಜೊತೆ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಇದನ್ನು ಹೇಳಿದಾಗ ಅವರಿಗೆ ಆದ ಬೇಸರ ಹಳ್ಳಿಯ ವಿಷಯದಲ್ಲಿ ಆಗಿದ್ದಕ್ಕಿಂತ ಹೆಚ್ಚು.

ಅವರು ಸುಮ್ಮನಿರುವವರಲ್ಲ. ದಿನವೂ ಸಂಜೆ ವಾಕಿಂಗ್ ಹೋಗಿ, ಬಾಗಿಲ ತೋರಣ, ಕಿವಿಗೆ ಬಿದ್ದ ಮಾತು, ಎದುರಾದವರ ಪರಿಚಯ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ, ತಮ್ಮ ಮನೆಯ ಸುತ್ತ ಹನ್ನೊಂದು ಕನ್ನಡದ ಮನೆಗಳಿವೆ ಎಂದು ತಿಂಗಳೊಳಗೆ ನನಗೆ ಫೋನ್ ಮಾಡಿ ತಿಳಿಸಿದರು. ಮುಂದಿನ ವರ್ಷ ಅವರು ಮತ್ತೆ ಬಂದಿದ್ದಾಗ ನಾನೇ ಕುತೂಹಲಕ್ಕೆ ವಿಚಾರಿಸಿದೆ. "ಈಗಲೂ ಹನ್ನೊಂದೇ ಕಣಮ್ಮಾ. ಆದರೆ ಆ ಮೂಲೆಮನೆ ಶಿವಮೊಗ್ಗದವರು ಟೆಕ್ಸಾಸಿಗೆ ಹೊರಟುಹೋದರು. ಬಸ್‌ಸ್ಟಾಪಿನ ಹತ್ತಿರ ಬೀದರ್ ಕಡೆಯವರು ಬಂದಿದ್ದಾರೆ, ಅವರ ಕನ್ನಡ ನನಗೆ ಅರ್ಧ ತಿಳಿಯುವುದಿಲ್ಲ" ಎಂದರು.