ತನ್ನ ಹೆಸರು ತಾನೇ ಇಟ್ಟುಕೊಂಡ ಕೌಂಟ್

ಡಿಗ್ರಿ ತರಗತಿಗೆ ಯುರೋಪಿನ ಮಧ್ಯಯುಗ ಪಾಠ ಮಾಡುವಾಗ ನಾನು ರಾಜರಿಂದ ಶುರು ಮಾಡುವುದಿಲ್ಲ. ರಾಜರ ಕಥೆಯಲ್ಲಿ ಯುದ್ಧಗಳ ಪಟ್ಟಿಯೇ ಜಾಸ್ತಿ. ಅದರ ಬದಲು ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿ, ಪಿರನೀಸ್ ಬೆಟ್ಟಗಳ ಬುಡದಲ್ಲಿ ಆಳಿದ ಒಬ್ಬ ಕೌಂಟ್‌ನನ್ನು ಎತ್ತಿಕೊಳ್ಳುತ್ತೇನೆ. ಕೌಂಟ್ ಅಂದರೆ ಒಂದು ಸೀಮೆ ಆಳುವ ಒಡೆಯ. ಅವನು ಫುವಾ ಸೀಮೆಯ ಮೂರನೇ ಗಾಸ್ತೋನ್. ಹುಟ್ಟಿದ್ದು 1331ರಲ್ಲಿ, ಸತ್ತದ್ದು 1391ರಲ್ಲಿ. 'ಫೆಬುಸ್' ಎಂಬುದು ಅವನು ತನಗೆ ತಾನೇ ಇಟ್ಟುಕೊಂಡ ಹೆಸರು. ಅದು ಗ್ರೀಕರ ಸೂರ್ಯದೇವರ ಹೆಸರು. ಸಹಿಯೂ ಅದೇ, ಯುದ್ಧದ ಕೂಗೂ ಅದೇ.

ಹುಡುಗರು ನಗುತ್ತಾರೆ. ನಗಲಿ. ಆದರೆ ನನ್ನ ಎಚ್ಚರ ಶುರುವಾಗುವುದು ಇಲ್ಲೇ. ತನ್ನ ಹೆಸರನ್ನೇ ಆರಿಸಿಕೊಂಡವನು ತನ್ನ ಚಿತ್ರವನ್ನೂ ತಾನೇ ಬರೆಸಿಕೊಂಡಿರುತ್ತಾನೆ, ಅಲ್ವಾ? ಅವನ ಬಗ್ಗೆ ನಮಗೆ ಸಿಗುವ ಒಂದೊಂದು ಕಾಗದವನ್ನೂ ಯಾರು, ಯಾರ ಖರ್ಚಿನಲ್ಲಿ ಬರೆದದ್ದು ಎಂದು ಕೇಳಿಕೊಂಡೇ ಓದಬೇಕು.

ಅಪ್ಪ ಸತ್ತಾಗ ಅವನಿಗೆ 12 ವರ್ಷ. ಕೈಗೆ ಬಂದದ್ದು ಎರಡು ಮುಖ್ಯ ಸೀಮೆಗಳು. ಪೂರ್ವದ ಫುವಾಗೆ ಫ್ರಾನ್ಸಿನ ದೊರೆಯೇ ಒಡೆಯ. ಪಶ್ಚಿಮದ ಬೆಯಾರ್ನ್ ಇದ್ದದ್ದು ಆಕ್ವಿಟೇನಿನ ಪಕ್ಕದಲ್ಲಿ. ಆಕ್ವಿಟೇನಿನ ಡ್ಯೂಕ್ ಯಾರು ಅಂದರೆ ಇಂಗ್ಲೆಂಡಿನ ರಾಜ. ಈ ಇಬ್ಬರ ನಡುವೆ ನೂರು ವರ್ಷಗಳ ಯುದ್ಧ ಆಗಷ್ಟೇ ಕಾವೇರುತ್ತಿತ್ತು. ಯಾವ ಕಡೆ ವಾಲಿದರೂ ಅರ್ಧ ಆಸ್ತಿ ಹೋಗುವ ಪರಿಸ್ಥಿತಿ.

1346ರಲ್ಲಿ ಕ್ರೆಸಿಯಲ್ಲಿ ಫ್ರೆಂಚ್ ಸೇನೆ ಸೋತು ಸುಣ್ಣವಾಯಿತು. ಮರುವರ್ಷ ಫ್ರಾನ್ಸಿನ ದೊರೆಯ ದೂತ ಬೆಯಾರ್ನಿನ ಒರ್ತೆಜ್ ಊರಿಗೆ ಬಂದು ನಿಷ್ಠೆಯ ಪ್ರಮಾಣ ಕೇಳಿದ. 16 ವರ್ಷದ ಹುಡುಗ ಫುವಾಗೆ ಆಗಲಿ ಎಂದ. ಬೆಯಾರ್ನ್ ಮಾತ್ರ ದೇವರಿಂದ ಬಂದದ್ದು, ಲೋಕದ ಯಾವ ಮನುಷ್ಯನಿಂದಲೂ ಅಲ್ಲ ಎಂದುಬಿಟ್ಟ. 1364ರಲ್ಲಿ ಇಂಗ್ಲಿಷರ ಕಡೆಯವರು ಇದೇ ಬೆಯಾರ್ನ್ ವಿಷಯ ಎತ್ತಿದಾಗಲೂ ಮಣಿಯಲಿಲ್ಲ. ದಾಖಲೆ ಇದ್ದರೆ ತೋರಿಸಿ, ಆಮೇಲೆ ನೋಡೋಣ ಎಂಬ ಧಾಟಿಯ ಉತ್ತರ ಕೊಟ್ಟ. ನನಗೆ ಇವನಲ್ಲಿ ತುಂಬಾ ಇಷ್ಟವಾಗುವ ಗಳಿಗೆ ಇದು.

ಇಂಥ ಮಾತಿಗೆ ಬೆನ್ನೆಲುಬು ದುಡ್ಡು. 1362ರ ಡಿಸೆಂಬರ್ 5ರಂದು ಲೊನಾಕ್ ಎಂಬಲ್ಲಿ ತನ್ನ ಹಳೆ ವೈರಿ ಅರ್ಮಾನ್ಯಾಕ್ ಕೌಂಟ್‌ನನ್ನು ಸೋಲಿಸಿ ಜೀವಂತ ಹಿಡಿದ. ಜೊತೆಗೆ ಒಂದು ಹಿಂಡು ಶ್ರೀಮಂತರು ಸೆರೆಸಿಕ್ಕರು. ಆ ಕಾಲದಲ್ಲಿ ಸೆರೆಯಾಳು ಅಂದರೆ ನಡೆದಾಡುವ ಚೆಕ್ಕು. ಅರ್ಮಾನ್ಯಾಕ್ ಒಬ್ಬನ ಬಿಡುಗಡೆಗೇ 3 ಲಕ್ಷ ಫ್ಲೋರಿನ್ ಗೊತ್ತಾಯಿತು. ಫ್ಲೋರಿನ್ ಅಂದರೆ ಚಿನ್ನದ ನಾಣ್ಯ; ಫ್ಲಾರೆನ್ಸ್ ಊರಿನ ಫ್ಲೋರಿನ್ ತೂಕ ಸುಮಾರು ಮೂರೂವರೆ ಗ್ರಾಂ. ಆ ಲೆಕ್ಕ ಹಿಡಿದರೆ ಒಂದು ಟನ್ನಿಗೂ ಜಾಸ್ತಿ ಚಿನ್ನ.

ಬಂದ ಹಣವನ್ನು ಅವನು ಸುಮ್ನೆ ಕರಗಿಸಲಿಲ್ಲ. ಒರ್ತೆಜ್‌ನ ಮೊಂಕಾದ್ ಗೋಪುರದಲ್ಲಿ ಕೂಡಿಟ್ಟ, ಸಾಲ ಕೊಟ್ಟ, ಕೋಟೆ ಕಟ್ಟಿಸಿದ. ಕೋಟೆಯ ಮೇಲೆ 'ಫೆಬುಸ್ ನನ್ನನ್ನು ಕಟ್ಟಿಸಿದ' ಎಂದು ಕೆತ್ತಿಸಿದ. ಕಲ್ಲಿನ ಬಾಯಲ್ಲೂ ಅವನದೇ ಹೆಸರು. ಜನರ ಮೇಲೆ ಒಲೆ ಲೆಕ್ಕದಲ್ಲಿ ತೆರಿಗೆ ಹಾಕಿದ. ಮನೆಯಲ್ಲಿ ಒಲೆ ಉರಿಯುತ್ತಿದ್ದರೆ ಅದೊಂದು ಕುಟುಂಬ, ಅದಕ್ಕಿಷ್ಟು. 1385ರಲ್ಲಿ ಇಡೀ ಬೆಯಾರ್ನಿನ ಮನೆಗಳನ್ನು ಊರೂರು ತಿರುಗಿ ಬರೆಸಿದ. ಆ ಪಟ್ಟಿ ಇವತ್ತಿಗೂ ಉಳಿದಿದೆ. ಹೊಗಳಿಕೆ ಇಲ್ಲ, ಬರೀ ಮನೆಗಳು. ನನ್ನ ಕಣ್ಣಿಗೆ ಅವನ ಆಡಳಿತದ ನಿಜವಾದ ಸಾಕ್ಷಿ ಇದೇ.

ಹೊಗಳಿಕೆ ಬೇಕಿದ್ದರೆ ಫ್ರುವಾಸಾರ್ ಇದ್ದಾನೆ. ಚರಿತ್ರೆ ಬರೆಯುತ್ತಾ ಊರೂರು ಸುತ್ತುತ್ತಿದ್ದ ಪಾದ್ರಿ. 1388ರ ಚಳಿಗಾಲದಲ್ಲಿ ನಾಲ್ಕು ಬೇಟೆ ನಾಯಿಗಳನ್ನು ಕಾಣಿಕೆಗೆ ಹಿಡಿದುಕೊಂಡು ಒರ್ತೆಜ್‌ಗೆ ಬಂದ. ಕೌಂಟ್ ಊಟಕ್ಕೆ ಏಳುತ್ತಿದ್ದದ್ದು ನಡುರಾತ್ರಿ, ಮುಂದೆ ಹನ್ನೆರಡು ಪಂಜು ಹಿಡಿದ ಹನ್ನೆರಡು ಆಳುಗಳು. ಅತಿಥಿ ರಾತ್ರಿ ರಾತ್ರಿ ತನ್ನ ಕಾವ್ಯ ಓದಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಹೊರಡುವಾಗ ಅವನಿಗೆ 80 ಫ್ಲೋರಿನ್ ಸಿಕ್ಕಿತು. ಇಷ್ಟು ಪರಿಪೂರ್ಣ ದೊರೆಯನ್ನು ನಾನು ಕಂಡೇ ಇಲ್ಲ ಎಂಬರ್ಥದಲ್ಲಿ ಅವನು ಬರೆದದ್ದನ್ನು ಓದುವಾಗ ಆ 80 ಫ್ಲೋರಿನ್ ನೆನಪಿರಲಿ ಎಂದು ಹುಡುಗರಿಗೆ ಹೇಳುತ್ತೇನೆ.

ಆದರೂ ಒಂದು ವಿಷಯದಲ್ಲಿ ಈ ಪಾದ್ರಿಗೆ ನಾನು ಕೈಮುಗಿಯುತ್ತೇನೆ. ಕೌಂಟ್‌ಗೆ ಮದುವೆಯ ಸಂತಾನ ಎಂದು ಉಳಿದಿದ್ದವನು ಒಬ್ಬನೇ ಮಗ, ಅವನ ಹೆಸರೂ ಗಾಸ್ತೋನ್. ತಾಯಿ ಆನ್ಯೆಸ್ ನವಾರ್ ರಾಜನ ತಂಗಿ. ವರದಕ್ಷಿಣೆ ಪೂರ್ತಿ ಬಂದಿರಲಿಲ್ಲ. ಮಗು ಹುಟ್ಟಿದ ವರ್ಷವೇ, ಅಂದರೆ 1362ರಲ್ಲೇ, ಅವಳನ್ನು ತವರಿಗೆ ಅಟ್ಟಿದ್ದ. 1380ರಲ್ಲಿ ಆ ಮಗ ಸತ್ತ. ಹೇಗೆ ಎಂದು ದಾರಿಯಲ್ಲಿ ಜೊತೆಗಿದ್ದ ನೈಟ್‌ನನ್ನು ಫ್ರುವಾಸಾರ್ ಕೇಳಿದರೆ ಆತ ಮಾತು ಹಾರಿಸಿದ. ಬಿಡದೆ ಒರ್ತೆಜ್‌ನಲ್ಲಿ ಒಬ್ಬ ಮುದುಕನ ಬಾಯಿ ಬಿಡಿಸಿದ.

ಕಥೆ ಹೀಗೆ. ಸೋದರಮಾವ ಹುಡುಗನ ಕೈಗೆ ಒಂದು ಪುಡಿ ಕೊಟ್ಟ. ಅಪ್ಪನ ಊಟಕ್ಕೆ ಬೆರೆಸು, ಅಮ್ಮನ ಮೇಲೆ ಅವನಿಗೆ ಮತ್ತೆ ಪ್ರೀತಿ ಹುಟ್ಟುತ್ತದೆ ಎಂದ. ಪುಡಿ ಸಿಕ್ಕಿಬಿತ್ತು. ನಾಯಿಗೆ ಹಾಕಿದರು, ನಾಯಿ ಸತ್ತಿತು. ಹುಡುಗ ಸೆರೆಯಲ್ಲಿ ಊಟ ಬಿಟ್ಟ. ಉಗುರು ಕತ್ತರಿಸುತ್ತಿದ್ದ ಪುಟ್ಟ ಚಾಕು ಕೈಯಲ್ಲಿರುವಾಗಲೇ ಕೌಂಟ್ ಸಿಟ್ಟಿನಿಂದ ಅಲ್ಲಿಗೆ ನುಗ್ಗಿ ಅವನ ಕುತ್ತಿಗೆಗೆ ಕೈ ಹಾಕಿದ. ಚಾಕುವಿನ ಮೊನೆ ಯಾವುದೋ ನರಕ್ಕೆ ತಾಗಿತು.

ಈಗ ಕಸುಬಿನ ಪ್ರಶ್ನೆ. ಫ್ರುವಾಸಾರ್ ಪ್ರಕಾರ ಹುಡುಗನಿಗೆ 15 ಅಥವಾ 16. ಆದರೆ 1362ರಲ್ಲಿ ಹುಟ್ಟಿದವನಿಗೆ ಆಗ ಹೆಚ್ಚುಕಮ್ಮಿ 18. ವಯಸ್ಸು ಇಳಿಸಿದರೆ ಅವನು ಏನೂ ಅರಿಯದ ಮಗು, ಕೊಲೆ ಒಂದು ಕೈತಪ್ಪು. 18 ಎಂದಿಟ್ಟುಕೊಳ್ಳಿ. ಹೊರಗಿಟ್ಟ ತಾಯಿಯ ಮಗ, ಅಧಿಕಾರಕ್ಕೆ ಕಾದು ನಿಂತ ವಾರಸುದಾರ. ಆಗ ಇದು ಸಂಚು ಮತ್ತು ಶಿಕ್ಷೆ. ನಾನು ಎರಡನೆಯದರ ಕಡೆಗೇ ವಾಲುತ್ತೇನೆ. ತರಗತಿಯಲ್ಲಿ ಜಗಳ ಆಗುವುದೂ ಇಲ್ಲೇ.

ಫೆಬುಸ್ ತಾನೂ ಬರಹಗಾರ. 1387ರ ಮೇ 1ರಂದು ಬೇಟೆಯ ಬಗ್ಗೆ ಪುಸ್ತಕ ಶುರು ಮಾಡಿದ. ಬಾಳಿನಲ್ಲಿ ಮೂರು ಇಷ್ಟಪಟ್ಟೆ ಎನ್ನುತ್ತಾನೆ: ಯುದ್ಧ, ಪ್ರೇಮ, ಬೇಟೆ. ಮೊದಲೆರಡರಲ್ಲಿ ನನಗಿಂತ ಮೇಲಿನವರು ಇದ್ದಾರೆ, ಮೂರನೆಯದರಲ್ಲಿ ಅನುಮಾನ ಎಂದು ಮೀಸೆ ತಿರುವುತ್ತಾನೆ. ಅವನ ತಾಯ್ನುಡಿ ದಕ್ಷಿಣದ ಆಕ್ಸಿಟನ್. ನನ್ನ ಫ್ರೆಂಚು ಅಷ್ಟು ಚೆನ್ನಾಗಿಲ್ಲ ಎಂದು ಕ್ಷಮೆಯನ್ನೂ ಕೇಳುತ್ತಾನೆ. ನಾಯಿ ಸಾಕುವುದರ ಬಗ್ಗೆ ಪುಟಗಟ್ಟಲೆ ಬರೆದ. ಮಗನ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.

ವಾರಸುದಾರ ಇಲ್ಲದ್ದರಿಂದ 1390ರಲ್ಲಿ ಫ್ರಾನ್ಸಿನ ದೊರೆಯ ಜೊತೆ ಒಪ್ಪಂದ ಮಾಡಿಕೊಂಡ. ಒಂದು ಲಕ್ಷ ಫ್ರಾಂಕ್ ತಗೊಂಡು, ತಾನು ಸತ್ತ ಮೇಲೆ ಸೀಮೆ ನಿಮಗೇ ಎಂದ. ದೇವರಿಂದ ಬಂದ ಬೆಯಾರ್ನ್ ಕೂಡ ಅದರಲ್ಲಿ ಸೇರಿತ್ತು!

1391ರ ಆಗಸ್ಟ್ 1ರಂದು ಒರ್ತೆಜ್ ಹತ್ತಿರದ ಕಾಡಿನಲ್ಲಿ ಕರಡಿ ಬೇಟೆ ಮುಗಿಸಿ, ಊಟಕ್ಕೆ ಮುಂಚೆ ಕೈ ತೊಳೆಯಲು ನೀರಿಗೆ ಕೈ ಒಡ್ಡಿದ. ಅಲ್ಲೇ ಕುಸಿದ. ಮದುವೆಯಾಚೆ ಹುಟ್ಟಿದ ಮಗ ಇವೆನ್ ಖಜಾನೆ ಹಿಡಿಯಲು ಮೊಂಕಾದ್ ಗೋಪುರಕ್ಕೆ ಕುದುರೆ ಓಡಿಸಿದ. ಕಾವಲಿನವನು ನಂಬಬೇಕಲ್ಲ, ಅದಕ್ಕೆ ಅಪ್ಪನ ಗುರುತಿನ ಎರಡು ವಸ್ತು ಹಿಡಿದಿದ್ದ. ಒಂದು ಉಂಗುರ, ಇನ್ನೊಂದು ಪುಟ್ಟ ಚಾಕು.