ಮಗಳು ಗೆದ್ದ ವೇದಿಕೆಗೆ ಯಾರು ಹತ್ತಬೇಕು?

ಮಳೆ ಹಿಂದೆ ಸರಿದು ಗದ್ದೆ ಕೊಯ್ಲಾಯಿತೆಂದರೆ ಕುಮಟಾ, ಅಂಕೋಲಾ, ಹೊನ್ನಾವರದ ಬಯಲುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರು. ಅದರ ಹಿಂದೆಯೇ ನನ್ನ ಫೋನಿಗೆ ಅದೇ ಹಳೆಯ ಪ್ರಶ್ನೆ ಬರಲು ಶುರು. "ಅಕ್ಕೋರೇ, ನಮ್ಮ ಹುಡುಗಿ ಫೈನಲ್ ಗೆದ್ದರೆ ನಾವೂ ಸ್ಟೇಜ್ ಹತ್ತಬಹುದಲ್ಲ?" ಕೇಳುವುದು ಅಪ್ಪ, ಚಿಕ್ಕಪ್ಪ, ಸೋದರಮಾವ, ಕೆಲವು ಸಲ ಊರಿನ ಯುವಕ ಸಂಘದ ಅಧ್ಯಕ್ಷರು. ಹುಡುಗಿ ಮಾತ್ರ ಕೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತ ಇಷ್ಟು ವರ್ಷ ಕಳೆದರೂ ಈ ಒಂದು ವಿಷಯದಲ್ಲಿ ನನ್ನ ತಾಳ್ಮೆ ಕೆಡುತ್ತದೆ. ವೇದಿಕೆಯ ಮೇಲೆ ಯಾರಿರಬೇಕೆಂದು ಊರಿಗೆಲ್ಲ ಅಭಿಪ್ರಾಯವಿದೆ. ಗೆದ್ದವಳ ಅಭಿಪ್ರಾಯ ಏನೆಂದು ಯಾರಿಗೂ ಗೊತ್ತಿರುವುದಿಲ್ಲ, ಯಾಕೆಂದರೆ ಯಾರೂ ಕೇಳಿರುವುದಿಲ್ಲ.

ನನ್ನ ಉತ್ತರ ಯಾವಾಗಲೂ ಒಂದೇ. ಬನ್ನಿ, ಖಂಡಿತ ಬನ್ನಿ. ಆದರೆ ಅವಳು ಕರೆದರೆ ಬನ್ನಿ, ಕರೆದ ಹೊತ್ತಿಗೆ ಬನ್ನಿ. ಇದರಲ್ಲಿ ಮೊದಲರ್ಧ ಯಾರ ಕಿವಿಗೂ ಬೀಳುವುದಿಲ್ಲ. ಮರುದಿನ ಊರೆಲ್ಲ "ಅಕ್ಕೋರು ಬೇಡ ಅಂದ್ರಂತೆ" ಎಂಬ ಮಾತು. ನಾನು ಬೇಡ ಅಂದಿಲ್ಲ. ನಮ್ಮ ಕಡೆಯ ಬಹುಮಾನ ವಿತರಣೆ ನೋಡಿದವರಿಗೆ ಗೊತ್ತು, ವೇದಿಕೆಯ ಎರಡು ಸಾಲು ಕುರ್ಚಿಗಳಲ್ಲಿ ಅತಿಥಿಗಳು, ಪ್ರಾಯೋಜಕರು, ಪ್ರಾಯೋಜಕರ ಸ್ನೇಹಿತರು. ಒಬ್ಬೊಬ್ಬರಿಗೂ ಶಾಲು, ನೆನಪಿನ ಕಾಣಿಕೆ. ಆರು ತಿಂಗಳು ಮಗಳ ಜರ್ಸಿಯ ಮಣ್ಣು ತೊಳೆದ ತಾಯಿ ಜನರೇಟರ್ ಪಕ್ಕದಲ್ಲಿ, ಹಗ್ಗದ ಆಚೆ, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಿಂತಿರುತ್ತಾಳೆ. ಆಕೆಗೆ ಆ ವೇದಿಕೆಯಲ್ಲಿ ಜಾಗವಿಲ್ಲ ಎನ್ನುವವರ ಜೊತೆ ನಾನು ಎಂದೂ ನಿಂತಿಲ್ಲ.

ಫೋನಿನಲ್ಲಿ ವಿಡಿಯೊ ತೋರಿಸಿ ವಾದಿಸುವವರೂ ಇದ್ದಾರೆ. ಹೆಚ್ಚಾಗಿ ತೋರಿಸುವುದು 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್. ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ತಂಡವನ್ನು 1-0ಯಿಂದ ಸೋಲಿಸಿದ ಮೇಲೆ ಮೊರಾಕ್ಕೊದ ಸೋಫಿಯಾನ್ ಬೂಫಾಲ್ ತನ್ನ ತಾಯಿಯ ಜೊತೆ ಮೈದಾನದ ಹುಲ್ಲಿನ ಮೇಲೆ ಕುಣಿದದ್ದು. "ನೋಡಿ, ಅಲ್ಲಿ ಬಿಡ್ತಾರೆ, ಇಲ್ಲಿ ಯಾಕೆ ಬಿಡೂದಿಲ್ಲ?" ನೋಡಿದೆ ಮಾರಾಯ್ರೆ. ನನಗೂ ಕಣ್ಣು ತುಂಬಿತು. ಆದರೆ ಬೂಫಾಲ್‌ಗೆ ಆಗ 29 ವರ್ಷ. ತಾಯಿ ಬೇಕೋ ಬೇಡವೋ ಎಂದು ಹೇಳುವ ಬಾಯಿ ಅವನಿಗಿತ್ತು. ನಿಮ್ಮ ಮಗಳಿಗೆ 16. ನೀವು ವೇದಿಕೆ ಹತ್ತಿದ ಮೇಲೆ "ಅಪ್ಪ, ಬೇಡ" ಎನ್ನುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು?

1987ರಲ್ಲಿ ವಿಂಬಲ್ಡನ್ ಟೆನಿಸ್ ಗೆದ್ದ ಪ್ಯಾಟ್ ಕ್ಯಾಶ್ ಪ್ರೇಕ್ಷಕರ ನಡುವೆ ದಾರಿ ಮಾಡಿಕೊಂಡು ತನ್ನವರು ಕೂತಲ್ಲಿಗೆ ತಾನೇ ಹತ್ತಿಹೋದ. ತಾಯಿಯಾದ ಮೇಲೆ ಮತ್ತೆ ಆಟಕ್ಕೆ ಬಂದು 2009ರ ಯುಎಸ್ ಓಪನ್ ಗೆದ್ದ ಕಿಮ್ ಕ್ಲೈಸ್ಟರ್ಸ್ ಪುಟ್ಟ ಮಗಳನ್ನು ಅಂಗಳಕ್ಕೆ ಕರೆಸಿಕೊಂಡಳು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ವಿಶ್ವ ಚೆಸ್ ಚಾಂಪಿಯನ್ ಆದಾಗ ಅವನ ಅಪ್ಪ ಆಟದ ಕೋಣೆಯ ಹೊರಗಿದ್ದರು. ಮಗನ ಜೊತೆ ಊರೂರು ತಿರುಗಲು ವೈದ್ಯವೃತ್ತಿಯನ್ನೇ ಬದಿಗಿಟ್ಟವರು ಅವರು. ಹುಡುಗ ಹೊರಗೆ ಬಂದ, ಅಪ್ಪನನ್ನು ತಬ್ಬಿಕೊಂಡ. ಈ ಮೂರರಲ್ಲೂ ಆಟಗಾರರೇ ತಮ್ಮವರನ್ನು ಹುಡುಕಿಕೊಂಡು ಹೋಗಿದ್ದಾರೆ, ಇಲ್ಲವೇ ಕರೆಸಿಕೊಂಡಿದ್ದಾರೆ. ಯಾವ ಅಪ್ಪನೂ ಹಗ್ಗ ಹಾರಿ ಬಂದಿಲ್ಲ.

ಇನ್ನು ಹೊತ್ತಿನ ವಿಷಯ. ಅಂತಿಮ ಸೀಟಿಯಾದ ಮೊದಲ ಹದಿನೈದು ನಿಮಿಷ ದಯವಿಟ್ಟು ಮಕ್ಕಳನ್ನು ಬಿಟ್ಟುಬಿಡಿ. ಬಿಸಿ ರಕ್ತದಲ್ಲಿ ನೋವು ತಿಳಿಯುವುದಿಲ್ಲ. ಎದುರಾಳಿ ಪಾದದ ಗಂಟು ಹಿಡಿಯುವ ಆ್ಯಂಕಲ್ ಹೋಲ್ಡ್‌ನಲ್ಲಿ ಸಿಕ್ಕ ರೈಡರ್, ಅಂದರೆ ದಾಳಿಗೆ ಹೋದವಳು, ನಡುಗೆರೆ ಮುಟ್ಟಲು ಎಳೆದಾಡಿದ ಕಾಲು ಉಳುಕಿದೆಯೋ, ಅದಕ್ಕಿಂತ ಹೆಚ್ಚು ಏನಾದರೂ ಆಗಿದೆಯೋ ಎಂದು ನಾನು ಕೂರಿಸಿ, ಶೂ ಬಿಚ್ಚಿಸಿ, ಮುಟ್ಟಿ ನೋಡಬೇಕು. ಅಷ್ಟರಲ್ಲಿ ಯಾರೋ ಬಂದು ಹೆಗಲ ಮೇಲೆ ಎತ್ತಿ ಕುಣಿಸುತ್ತಾರೆ. ಒಂದು ಫೈನಲ್ ಮುಗಿದಾಗ ಹಾಗೆ ಎತ್ತಿದವರು ಹುಡುಗಿಯ ಅಣ್ಣಂದಿರು. ಕೆಳಗೆ ಇಳಿಸುವಾಗ ಅವಳ ಪೂರ್ತಿ ಭಾರ ಅದೇ ಕಾಲಿನ ಮೇಲೆ ಬಿತ್ತು. ಬೆಳಗಾಗುವಾಗ ಪಾದ ಚಪ್ಪಲಿಗೆ ಹಿಡಿಸಲಿಲ್ಲ, ವಲಯ ಮಟ್ಟದ ಆಯ್ಕೆಗೆ ಅವಳು ಹೋಗಲಾಗಲಿಲ್ಲ. ಅಣ್ಣಂದಿರಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ, ಪೆಟ್ಟು ಮೊದಲೇ ಬಿದ್ದಿತ್ತು. ಆದರೆ ಎತ್ತಿ ಕುಣಿಸಿದ್ದರಿಂದ ಒಳ್ಳೆಯದಂತೂ ಆಗಲಿಲ್ಲ. ಯಕ್ಷಗಾನದಲ್ಲಿ ರಂಗಸ್ಥಳದಿಂದ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂದ ವೇಷಧಾರಿಗೆ ಕಿರೀಟ ಬಿಚ್ಚಿ ಉಸಿರು ಬಿಡಲು ನಮ್ಮ ಜನ ಹೊತ್ತು ಕೊಡುತ್ತಾರಲ್ಲ, ಅಷ್ಟು ಹೊತ್ತು ಈ ಮಕ್ಕಳಿಗೂ ಬೇಕು. ಆ ಹೊತ್ತಿನಲ್ಲೇ ಸೋತ ತಂಡದವರ ಕೈ ಕುಲುಕಬೇಕು. ಅದನ್ನು ತಪ್ಪಿಸಲು ನಾನು ಯಾರಿಗೂ ಬಿಡುವುದಿಲ್ಲ.

ರಾಷ್ಟ್ರಮಟ್ಟಕ್ಕೆ ಹೋಗುವವರು ಇನ್ನೊಂದನ್ನೂ ತಿಳಿದಿರಬೇಕು. ಅಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಗೆ ಕರೆ ಬರಬಹುದು. ಸೂಚನೆ ಕೊಟ್ಟ ಕ್ಷಣದಿಂದ ಮೂತ್ರದ ಮಾದರಿ ಕೊಡುವವರೆಗೆ ಪರೀಕ್ಷೆಯ ಕಡೆಯವರೊಬ್ಬರು ಆಟಗಾರ್ತಿಯ ಜೊತೆಗೇ ಇರುತ್ತಾರೆ. ಪದಕ ಪಡೆಯಲು ಹೋಗಬಹುದು, ಆದರೆ ಅವರ ಕಣ್ಣೆದುರಿಗೇ. ಅಂಥ ಹೊತ್ತಿನಲ್ಲಿ ಅಮ್ಮ ಓಡಿಬಂದು ಪ್ರೀತಿಯಿಂದ ಬಾಟಲಿಯಲ್ಲಿ ತಂದ ಕಷಾಯ ಕುಡಿಸುತ್ತಾಳೆ. ಮುರುಗಲು ಪಾನಕದಿಂದ ಯಾರಿಗೂ ಏನೂ ಆಗದು ಎಂದು ನನಗೂ ಗೊತ್ತು. ಆದರೆ ಅಂಗಡಿಯಿಂದ ತಂದ ಶಕ್ತಿಪುಡಿಯಲ್ಲಿ, ಲೇಹ್ಯದಲ್ಲಿ ಏನಿದೆಯೆಂದು ಮೇಲಿನ ಚೀಟಿ ಓದಿ ಹೇಳಲಾಗದು. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರ್ತಿಯೇ ಹೊಣೆ ಎನ್ನುತ್ತದೆ ನಿಯಮ, ಕೊಟ್ಟವರು ಯಾರೇ ಇರಲಿ. ಆದ್ದರಿಂದ ಸೀಲು ಒಡೆಯದ ನೀರು ಬಿಟ್ಟು ಬೇರೇನೂ ಬೇಡ. 18 ತುಂಬದವರ ಜೊತೆ ಪರೀಕ್ಷೆಯ ಕೋಣೆಗೆ ಹಿರಿಯರೊಬ್ಬರು ಹೋಗಲು ಅವಕಾಶವಿದೆ. ಅಪರಿಚಿತ ಊರಲ್ಲಿ, ಅಪರಿಚಿತರ ನಡುವೆ ಮಾದರಿ ಕೊಡಲು ಹೆದರಿ ಕೂತ ಹುಡುಗಿಗೆ ಮನೆಯವರು ಪಕ್ಕದಲ್ಲಿರಬೇಕಾದದ್ದು ಅಲ್ಲಿ. ಫೋಟೊದವರು ಅಲ್ಲಿಗೆ ಬರುವುದಿಲ್ಲ, ಅದು ಬೇರೆ ಮಾತು.

ಕುಸ್ತಿ, ಓಟ, ಚೆಸ್ ಆದರೆ ವಿಷಯ ಸಲೀಸು. ಗೆದ್ದವರು ಒಬ್ಬರೇ, ಕರೆಯುವವರೂ ಒಬ್ಬರೇ. ಹಳಿಯಾಳದ ಕುಸ್ತಿಪಟು ತನ್ನ ಅಪ್ಪನಿಗೆ ಗದೆ ಹೊರಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ. ತಂಡದ ಆಟದಲ್ಲಿ ಹಾಗಲ್ಲ. ಕಬಡ್ಡಿಯಲ್ಲಿ ಅಂಗಳದೊಳಗೆ 7 ಮಂದಿ, ಹೊರಗೆ 5, ಒಟ್ಟು 12. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರ ಅಕ್ಟೋಬರ್ 7ರಂದು, ನಮ್ಮ ವನಿತೆಯರು ಚೈನೀಸ್ ತೈಪೆಯನ್ನು 26-25ರಿಂದ ಸೋಲಿಸಿ ಚಿನ್ನ ಗೆದ್ದರು. ಭಾರತಕ್ಕೆ ಆ ಕೂಟದ ನೂರನೇ ಪದಕ ಅದು. ಆ ಒಂದು ಅಂಕ ಯಾರದ್ದು, ಹೇಳಿ ನೋಡೋಣ? ನಮ್ಮ ಪಂದ್ಯಾವಳಿಗಳಲ್ಲೂ ಅಷ್ಟೇ. ಉತ್ತಮ ದಾಳಿಗಾರ್ತಿಯ ಅಪ್ಪ-ಅಮ್ಮ ವೇದಿಕೆಗೆ ಬಂದು ಟ್ರೋಫಿಗೆ ಕೈ ಹಚ್ಚಿ ನಿಂತಾಗ ಉಳಿದ 11 ಮಕ್ಕಳ ಕಣ್ಣು ಕತ್ತಲಲ್ಲಿ ತಮ್ಮವರನ್ನು ಹುಡುಕುತ್ತದೆ. ನಾನು ಕೆಳಗೆ ನಿಂತು ಟ್ರೋಫಿ ನೋಡುವುದಿಲ್ಲ, ಆ ಕಣ್ಣುಗಳನ್ನೇ ನೋಡುತ್ತೇನೆ. ಒಬ್ಬಳ ಅಪ್ಪ ದೋಣಿಯಲ್ಲಿ, ವಾರಗಟ್ಟಲೆ ದಡಕ್ಕೆ ಬಂದಿರುವುದಿಲ್ಲ. ಇನ್ನೊಬ್ಬಳ ಅಮ್ಮ ಬೆಳಕು ಹರಿಯುವ ಮೊದಲು ತದಡಿ ಬಂದರಿನಲ್ಲಿ ಮೀನು ಆರಿಸಲು ಹೋಗಬೇಕು, ಸೆಮಿಫೈನಲ್ ನೋಡಿ ಮನೆಗೆ ಹೋಗಿರುತ್ತಾಳೆ. ಫೈನಲ್ ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ, ಭಾಷಣಗಳಾಗಿ ಟ್ರೋಫಿ ಕೈಗೆ ಬರುವಾಗ ಕೋಳಿ ಕೂಗುವ ಹೊತ್ತು. ಜೋಯಿಡಾ, ಯಲ್ಲಾಪುರ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿ ಇರುವವರ ಮನೆಯವರಿಗೆ ಬರಲು ಬಸ್ಸೇ ಇರುವುದಿಲ್ಲ. ಹಾಗಾಗಿ ನನ್ನ ತಂಡದಲ್ಲಿ ಕಟ್ಟುನಿಟ್ಟು: ಟ್ರೋಫಿ ಎತ್ತುವಾಗ 12 ಮಂದಿ ಮಾತ್ರ. ಆಮೇಲೆ ಕೆಳಗೆ, ಅಂಗಳದಲ್ಲಿ, ಬಂದ ಮನೆಯವರೆಲ್ಲ ಎಲ್ಲ ಮಕ್ಕಳ ಜೊತೆ. ಬಂದ ನಾಲ್ಕು ಅಮ್ಮಂದಿರು ಆಗ 12 ಮಕ್ಕಳಿಗೂ ಅಮ್ಮಂದಿರೇ. ಹೇಳಿಕೊಟ್ಟರೆ ಅವರು ಮಾಡುತ್ತಾರೆ, ಬಹಳ ಚೆನ್ನಾಗಿ ಮಾಡುತ್ತಾರೆ.

ಯಲ್ಲಾಪುರ ಎಂದಾಗ ನೆನಪಾಯಿತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ, ಯಲ್ಲಾಪುರ ಕಡೆಯ ಕಾಡುಗಳಲ್ಲೂ ಇರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ, ಊರು ಬಿಡಿಸಿ ತರಬೇತಿ ಕೊಟ್ಟಿತು. ಅವರಲ್ಲಿ ಹಲವರು ದೇಶಮಟ್ಟದಲ್ಲಿ ಓಡಿದರು, ಪದಕ ತಂದರು. 1993ರ ಹೊತ್ತಿಗೆ ಯೋಜನೆ ನಿಂತೇ ಹೋಯಿತು. ಕಾಡಿನ ನಡುವಿನ ಆ ಮನೆಗಳಿಗೆ ಆಗ ಫೋನೂ ಇರಲಿಲ್ಲ, ಮಗ ಗೆದ್ದ ಸುದ್ದಿ ಎಷ್ಟು ದಿನಕ್ಕೆ ತಲುಪುತ್ತಿತ್ತೋ. ಮನೆಯವರನ್ನು ಆಟದಿಂದ ದೂರ ಇಡಬೇಕು ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮಕ್ಕಳು ಗೆಲ್ಲಲು ಮನೆ ಅಡ್ಡಿ ಎಂದು ತಿಳಿಯುವುದು ದೊಡ್ಡ ತಪ್ಪು.

ಮತ್ತೆ ಮುಖ್ಯ ಮಾತಿಗೆ ಬರುತ್ತೇನೆ, ಬೇಸರಿಸಬೇಡಿ, ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಇದೇ. ಅವಳನ್ನು ಕೇಳಿ. ಪಂದ್ಯದ ದಿನ ಕೇಳಬೇಡಿ, ನಾಲ್ಕಾರು ದಿನ ಮೊದಲೇ ಕೇಳಿ. ಮನೆಯವರೆಲ್ಲ ಸುತ್ತ ಕೂತಾಗ ಕೇಳಿದರೆ "ಹೂಂ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ತರಬೇತುದಾರರೋ ದೈಹಿಕ ಶಿಕ್ಷಕರೋ ಒಬ್ಬಳನ್ನೇ ಕೂರಿಸಿ ಕೇಳಲಿ. "ಬೇಡ" ಅಂದರೆ ಕಾರಣ ಕೆದಕಬೇಡಿ. ನಾಚಿಕೆ ಇರಬಹುದು. ಅಪ್ಪ ಕುಡಿದು ಬರುತ್ತಾನೆಂಬ ಹೆದರಿಕೆ ಇರಬಹುದು. ಅಪ್ಪ-ಅಮ್ಮ ಬೇರೆ ಬೇರೆ ಇರಬಹುದು. ಎಲ್ಲ ಮಕ್ಕಳಿಗೂ ಒಂದೇ ಅಳತೆ ಹಾಕಲಾಗದು, ಹಾಗಾಗಿಯೇ ಕೇಳಬೇಕು ಅನ್ನುವುದು.

ಒಬ್ಬ ಹುಡುಗಿ ನನ್ನ ಹತ್ತಿರ ಹೇಳಿದ್ದು ಅಜ್ಜಿಯ ಹೆಸರು. ಕೋಳಿ ಮೊಟ್ಟೆ ಮಾರಿ ಬಂದ ದುಡ್ಡಲ್ಲಿ ಬಸ್ಸಿನ ಖರ್ಚು ಕೊಡುತ್ತಿದ್ದವಳು ಅಜ್ಜಿ. ಅಪ್ಪನಿಗೆ ಮಗಳು ಚಡ್ಡಿ ಹಾಕಿ ಆಡುವುದೇ ಸರಿಬರುತ್ತಿರಲಿಲ್ಲ. ನಾನು ನಿರೂಪಕರಿಗೆ ಚೀಟಿ ಬರೆದು ಕೊಟ್ಟಿದ್ದೆ. ಅವರು ಅದನ್ನು ನೋಡದೆ "ಈ ಪ್ರತಿಭೆಯ ಹೆಮ್ಮೆಯ ತಂದೆಯವರು ವೇದಿಕೆಗೆ ಬರಬೇಕು" ಎಂದು ಮೈಕಿನಲ್ಲಿ ಮೂರು ಸಲ ಕೂಗಿದರು. ಅಪ್ಪ ಬಂದರು. ಬಂದವರು ಮೈಕ್ ಹಿಡಿದು ಮಗಳಿಗಾಗಿ ತಾವು ಪಟ್ಟ ಕಷ್ಟದ ಬಗ್ಗೆ ಮಾತಾಡಿದರು. ಹುಡುಗಿ ಕಾಲ್ಬೆರಳಿನಿಂದ ವೇದಿಕೆಯ ಚಾಪೆ ಕೆರೆಯುತ್ತ ನಿಂತಿದ್ದಳು. ಭಾಷಣ ಮುಗಿದದ್ದೇ ಇಳಿದುಹೋಗಿ ಪದಕವನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಆ ಅಪ್ಪ ಕೆಟ್ಟವರೆಂದು ನಾನು ಹೇಳುವುದಿಲ್ಲ. ಆ ರಾತ್ರಿಯ ನಂತರ ಅವರು ಪಂದ್ಯಗಳಿಗೆ ಬರತೊಡಗಿದರು, ಈಗ ಮೊಣಕಾಲಿನ ಪಟ್ಟಿ ತಂದುಕೊಡುವವರೂ ಅವರೇ. ಆದರೆ ಆ ಮೈಕ್ ಅವತ್ತು ಅವರದ್ದಾಗಿರಲಿಲ್ಲ.

ವೇದಿಕೆ ಹತ್ತುವ ಆಸೆ ಇರುವವರಿಗೆ ಒಂದು ಷರತ್ತು ಹಾಕುವ ಅಧಿಕಾರ ನನಗಿದ್ದರೆ, ಎರಡನೇ ಬಹುಮಾನಕ್ಕೂ ಬನ್ನಿ ಎನ್ನುತ್ತಿದ್ದೆ. ರನ್ನರ್ಸ್ ಅಪ್ ತಂಡದ ಹೆಸರು ಕೂಗುವಾಗ ಆ ಮಕ್ಕಳ ಮನೆಯವರು ಬೈಕ್ ಸ್ಟಾರ್ಟ್ ಮಾಡಿ ಆಗಿರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಅನ್ನು 89.45 ಮೀಟರ್ ಎಸೆದು ಬೆಳ್ಳಿ ಪಡೆದ, ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದ. ನೀರಜ್‌ನ ತಾಯಿ ಸರೋಜ್ ದೇವಿ ಹರಿಯಾಣದ ತಮ್ಮ ಹಳ್ಳಿಯ ಮನೆಯಲ್ಲೇ ನಿಂತು, ಬೆಳ್ಳಿಯೂ ನಮಗೆ ಸಂತೋಷವೇ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂದರು. ಮಗನ ಪದಕದಲ್ಲಿ ಪಾಲು ಪಡೆಯಲು ಆ ತಾಯಿಗೆ ಯಾವ ವೇದಿಕೆಯೂ ಬೇಕಾಗಲಿಲ್ಲ. ನಮ್ಮಲ್ಲಿ ಸೋತು ಬಂದ ಹುಡುಗಿಗೆ ಮನೆಯ ಅಂಗಳದಲ್ಲಿ ಮೊದಲು ಕೇಳುವ ಮಾತು "ಆ ಬೋನಸ್ ಪಾಯಿಂಟ್ ಯಾಕೆ ಬಿಟ್ಟೆ?" ಎಂಬುದು.

ಸಂಘಟಕರಲ್ಲಿ ನನ್ನ ವಿನಂತಿ ಹೆಚ್ಚಿಲ್ಲ. ವೇದಿಕೆಯ ಹಲಗೆ ಎಷ್ಟು ಜನರನ್ನು ತಾಳುತ್ತದೆ ಎಂದು ಪೆಂಡಾಲಿನವರನ್ನು ಕೇಳಿಕೊಂಡು ಅಷ್ಟೇ ಜನರನ್ನು ಹತ್ತಿಸಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವ ನೋಡಲು ಹೋದ 11 ಮಂದಿ ಕಾಲ್ತುಳಿತದಲ್ಲಿ ಸತ್ತದ್ದನ್ನು ನಾವು ಮರೆಯುವಂತಿಲ್ಲ. ಬಹುಮಾನವನ್ನು ಭಾಷಣಕ್ಕಿಂತ ಮೊದಲು ಕೊಡಿ, ಬಂದರಿಗೆ ಹೋಗಬೇಕಾದ ಅಮ್ಮಂದಿರು ನೋಡಿ ಹೋಗಲಿ. ಎದುರಿನ ಮೊದಲ ಸಾಲು ಆಟಗಾರ್ತಿಯರ ಮನೆಯವರಿಗೆ, ಎರಡೂ ತಂಡದವರಿಗೆ. ತಂಡದ ಹೆಸರು ನೋಂದಾಯಿಸುವ ಅರ್ಜಿಯಲ್ಲಿ ಜರ್ಸಿ ನಂಬರ್ ಪಕ್ಕ ಇನ್ನೊಂದು ಖಾನೆ ಹಾಕಿಸಿ, "ಗೆದ್ದರೆ ಯಾರನ್ನು ಕರೆಯಬೇಕು" ಎಂದು. ಅದನ್ನು ಹುಡುಗಿಯೇ ತುಂಬಲಿ. ಖಾಲಿ ಬಿಟ್ಟಿದ್ದರೆ ಯಾರನ್ನೂ ಕರೆಯಬೇಡಿ. ಈ ಸಲದ ಅರ್ಜಿ ಇನ್ನೂ ಅಚ್ಚಿಗೆ ಹೋಗದಿದ್ದರೆ, ಇವತ್ತೇ ಹೇಳಿ ಸೇರಿಸಿ.